ಮೂರು ಸ್ಟಾರ್ ಅಂದ್ರೆ ನೋಡಬೇಕೋ, ಬಿಡಬೇಕೋ?

ಸಿನಿಮಾ ವಿಮರ್ಶೆ ಬರೆಯುವ ನನಗೆ ಶುಕ್ರವಾರ ಬಂತೆಂದರೆ ಒಂದೇ ಪ್ರಶ್ನೆ: ‘ಸರ, ಎಷ್ಟ್ ಸ್ಟಾರ್?’ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುವಾಗಲೂ ಬಿಡೋದಿಲ್ಲ. ಮೂರು ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ, ಏನೋ ಜಸ್ಟ್ ಪಾಸ್ ಅಂದ ಹಾಗೆ. ನಾನು ನೋಡುವುದು ಇಷ್ಟೇ. ಸಿನಿಮಾ ಶುರುವಿನಲ್ಲಿ ನಮಗೆ ಏನು ಕೊಡ್ತೀನಿ ಅಂತ ಹೇಳುತ್ತದೋ, ಅದನ್ನು ಕೊನೆತನಕ ಕೊಟ್ಟಿತಾ?

‘ಮ್ಯಾಕ್ಸ್’ ತಗೊಳ್ಳಿ. 2024ರ ಕ್ರಿಸ್‌ಮಸ್‌ಗೆ ಬಂದ ಸುದೀಪ್ ಸಿನಿಮಾ. ಒಂದು ರಾತ್ರಿ, ಒಂದು ಪೊಲೀಸ್ ಠಾಣೆ, ಮುಚ್ಚಿಡಬೇಕಾದ ಎರಡು ಹೆಣ. ಬೆಳಗಾಗುವವರೆಗೆ ಅಲ್ಲಾಡದಂತೆ ಕೂರಿಸ್ತೀನಿ ಅಂತ ಹೇಳುತ್ತದೆ, ಕೂರಿಸುತ್ತದೆ. ಲಾಜಿಕ್ ಹುಡುಕಬೇಡಿ. ಮೂರು.

ಅದಕ್ಕೂ ಐದು ದಿನ ಮೊದಲು ಬಂದ ಉಪೇಂದ್ರ ಅವರ ‘ಯುಐ’ಗೆ ಎರಡೂವರೆ. ಬುದ್ಧಿವಂತರು ಎದ್ದು ಹೋಗಿ ಅಂತ ಶುರುವಿನಲ್ಲೇ ಕಾರ್ಡ್ ತೋರಿಸುವ ಧೈರ್ಯ ಇಷ್ಟ ಆಯ್ತು. ಆದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ ದಡ್ಡರಿಗೂ ಬೇಜಾರಾಗುತ್ತೆ, ಅಲ್ವಾ?

‘ಸು ಫ್ರಮ್ ಸೋ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2025ರ ಜುಲೈನಲ್ಲಿ ಬಂತು. ಜೆ.ಪಿ. ತುಮಿನಾಡು ಅವರಿಗೆ ಇದು ನಿರ್ದೇಶಕರಾಗಿ ಮೊದಲ ಸಿನಿಮಾ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗ ಮೈಮೇಲೆ ಸತ್ತ ಹೆಂಗಸೊಬ್ಬಳ ದೆವ್ವ ಬಂದ ಹಾಗೆ ನಾಟಕ ಮಾಡ್ತಾನೆ, ಇಡೀ ಊರು ನಂಬುತ್ತದೆ. ಇಲ್ಲಿ ಯಾರೂ ಜೋಕ್ ಹೊಡೆಯಬೇಕು ಅಂತ ಹೊಡೆಯುವುದಿಲ್ಲ. ಎಲ್ಲರೂ ದೆವ್ವಕ್ಕೆ ನಿಜವಾಗಿ ಹೆದರಿದ್ದಾರೆ, ನಮಗೆ ನಗು ಬರುವುದೇ ಅದಕ್ಕೆ. ಆಮೇಲೆ ‘ದೆವ್ವ’ದ ಮಗಳ ಕಷ್ಟ ಎದುರಿಗೆ ಬರುತ್ತದೆ. ಕಾಮಿಡಿ ಸಿನಿಮಾಗಳು ಇಲ್ಲಿ ಹಳಿ ತಪ್ಪಿ ಭಾಷಣಕ್ಕೆ ಇಳಿಯುವುದೇ ಹೆಚ್ಚು. ಇದು ಇಳಿಯುವುದಿಲ್ಲ. ಊರಿಗೆ ಹೆದರಿಕೆ ಹುಟ್ಟಿಸಿದ ಸುಳ್ಳನ್ನೇ ಒಬ್ಬ ಹೆಣ್ಣುಮಗಳ ಪರವಾಗಿ ಬಳಸಿಕೊಳ್ಳುತ್ತದೆ. ದೆವ್ವ ಬಿಡಿಸಲು ಬರುವ ಗುರೂಜಿ ಭಾಗ ಒಂಚೂರು ಎಳೆದ ಹಾಗಿದೆ. ಆದರೂ ನಾಲ್ಕು.

ಈ ಸಿನಿಮಾದ ಕರಾವಳಿ ಮಾತು ನಮಗೆ ತಿಳಿಯುತ್ತಾ ಅಂತ ಕೇಳಿದವರಿದ್ದಾರೆ. ತಿಳಿಯುತ್ತೆ. ಊರವರ ಬಾಯಲ್ಲಿ ಊರ ಮಾತಿದ್ದರೆ ಎಲ್ಲರಿಗೂ ತಿಳಿಯುತ್ತೆ. ನಮ್ಮ ಕಡೆ ಮಾತಿಗೆ ಆ ಮರ್ಯಾದೆ ಸಿಗುವುದು ಅಪರೂಪ. ಹುಬ್ಬಳ್ಳಿಯವನ ಪಾತ್ರ ಅಂದರೆ ಸಾಕು, ಸ್ವಂತ ತಮ್ಮನಿಗೂ ‘ಬರ್ರಿ’ ಅನ್ನಿಸುತ್ತಾರೆ. ಗದಗ, ಹಾವೇರಿ ಕಡೆ ಯಾವ ಮನೆಯಲ್ಲಿ ಹಾಗೆ ಮಾತಾಡ್ತಾರೆ? ಇಂಥದ್ದಕ್ಕೆ ನಾನು ಮುಲಾಜಿಲ್ಲದೆ ಅರ್ಧ ಸ್ಟಾರ್ ಕತ್ತರಿಸ್ತೀನಿ.

ಹಾಗಾಗಿಯೇ ಉತ್ಸವ್ ಗೋನವಾರ ಅವರ ‘ಫೋಟೋ’ (2024) ನನಗೆ ದೊಡ್ಡ ಸಿನಿಮಾ. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಬೇಕು ಅನ್ನೋ ಹುಡುಗ, ಕೂಲಿ ಅಪ್ಪ, ಮಧ್ಯದಲ್ಲಿ ಲಾಕ್‌ಡೌನ್, ಆಮೇಲೆ ಊರಿಗೆ ನಡಿಗೆ. ಮಾತು ರಾಯಚೂರು ಕಡೆಯದು, ನಗಿಸಲು ತಂದದ್ದಲ್ಲ. ನಾಲ್ಕು. ‘ಮ್ಯಾಕ್ಸ್‌’ಗಿಂತ ಒಂದು ಜಾಸ್ತಿ ಅಂತ ಶನಿವಾರ ಸಂಜೆ ಮಕ್ಕಳನ್ನು ಕರ್ಕೊಂಡು ಕೂತು ಆಮೇಲೆ ನನ್ನನ್ನು ಬೈಬೇಡಿ. ಎರಡೂ ಕೊಡುವುದೇ ಬೇರೆ ಬೇರೆ.

ಇನ್ನು ದುಡ್ಡಿನ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಮನೆ ಮಲ್ಟಿಪ್ಲೆಕ್ಸ್‌ಗೆ ಹೊರಟರೆ ಪಾಪ್‌ಕಾರ್ನ್ ಸೇರಿ ಎಷ್ಟಾಗುತ್ತೆ ಅಂತ ನಿಮಗೇ ಗೊತ್ತು. ಅದಕ್ಕೇ ಈಗ ಸ್ಟಾರ್ ಪಕ್ಕದಲ್ಲಿ ಎಲ್ಲಿ ನೋಡಬೇಕು ಅಂತಲೂ ಬರೀತೀನಿ. ‘ಶಾಖಾಹಾರಿ’ಗೆ ಮೂರೂವರೆ: ರಂಗಾಯಣ ರಘು ಅವರ ಮುಖ ನೋಡಲು ಮನೆಯ ಟಿವಿ ಸಾಕು. ‘ಕಾಂತಾರ: ಚಾಪ್ಟರ್ 1’ಕ್ಕೂ ಮೂರೂವರೆಯೇ. ಕದಂಬರ ಕಾಲ ಅಂದ ಕೂಡಲೇ, ಅವರದೇ ಒಂದು ಶಾಖೆ ಆಳಿದ ಹಾನಗಲ್ಲಿನವರ ಕಿವಿ ನೆಟ್ಟಗಾಗುತ್ತೆ, ಆದರೆ ಕಥೆ ನಡೆಯುವುದು ಕರಾವಳಿ ಕಡೆ. ಮೊದಲರ್ಧದ ತಮಾಷೆ ಕೂಡಿಕೊಳ್ಳುವುದಿಲ್ಲ. ಕ್ಲೈಮ್ಯಾಕ್ಸ್ ಮಾತ್ರ ದೊಡ್ಡ ಪರದೆಯಲ್ಲೇ ಆಗಬೇಕು. ಮೊಬೈಲ್‌ನಲ್ಲಿ ನೋಡಿದವರು ಎರಡೂವರೆ ಅಂದರೂ ನಾನು ಜಗಳಕ್ಕೆ ಬರಲ್ಲ.