‘ಕರೆ’: ದೇವರು ಕರೆದರು ಅಂದರೆ ಏನರ್ಥ?

ಕನ್ನಡದಲ್ಲಿ ‘ಕರೆ’ಗೆ ಕೆಲಸ ಜಾಸ್ತಿ. ಮದುವೆಗೆ ಕರೆಯುತ್ತೇವೆ, ಹಸುವಿನ ಹಾಲು ಕರೆಯುತ್ತೇವೆ, ಬಂದ್‌ಗೂ ಕರೆ ಕೊಡುತ್ತಾರೆ. ಚರ್ಚಿಗೆ ಹೋಗುವವರ ಬಾಯಲ್ಲಿ ಮಾತ್ರ ಈ ಪದ ಯಾಕೋ ಭಾರವಾಗಿಬಿಡುತ್ತದೆ. ಪಿಯುಸಿ ಮುಗಿಸಿದ ಹುಡುಗ ಯುವಜನರ ಶಿಬಿರಕ್ಕೆ ಹೋದರೆ ಯಾರಾದರೂ ದೊಡ್ಡವರು ಪಕ್ಕದಲ್ಲಿ ಕೂತು ಕೇಳಿಯೇ ಕೇಳುತ್ತಾರೆ: ‘ದೇವರು ನಿನ್ನನ್ನ ಯಾವುದಕ್ಕೆ ಕರೆದಿದ್ದಾರೆ, ಗೊತ್ತಾಯ್ತೇನಪ್ಪಾ?’ ಪಾಪ, ಅವನಿಗೆ ಬಿಕಾಮೋ ಡಿಪ್ಲೊಮಾನೋ ಅನ್ನುವುದೇ ಇನ್ನೂ ಗೊತ್ತಾಗಿರುವುದಿಲ್ಲ. ನನ್ನನ್ನೂ ಕೇಳಿದ್ದರು. ಗೊತ್ತಿರುವವನ ಹಾಗೆ ತಲೆ ಆಡಿಸಿದ್ದೆ.

ಬಳಕೆಯಲ್ಲಿ ಈ ಪದ ಸಣ್ಣದಾಗಿದೆ. ಕ್ಯಾಥೊಲಿಕರಲ್ಲಿ ‘ದೈವಕರೆ’ ಅಂದ ಕೂಡಲೇ ಪಾದ್ರಿಯೋ ಸಿಸ್ಟರೋ ಆಗುವುದು ನೆನಪಿಗೆ ಬರುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ಅವರಿಗೆ ಕರೆ ಇದೆ’ ಅಂದರೆ ಇದ್ದ ಕೆಲಸ ಬಿಟ್ಟು ಫುಲ್ ಟೈಮ್ ಸೇವೆಗೆ ಬಂದಿದ್ದಾರೆ ಅಂತ. ಬಸ್ ಓಡಿಸುವವರಿಗೆ ಕರೆ ಇದೆ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಹೀಗಿಲ್ಲ. ಅದರ ಮೂಲ ಗ್ರೀಕಿನಲ್ಲಿ ಕರೆಯುವುದಕ್ಕೆ ‘ಕಲೆಯೋ’ ಅನ್ನುತ್ತಾರೆ. (ನಮ್ಮ ‘ಕರೆ’ಯ ನೆಂಟನ ಹಾಗೆ ಕೇಳಿಸುತ್ತದೆ, ಆದರೆ ಎರಡೂ ಬೇರೆ ಬೇರೆ ಮನೆತನದವು.) ಅದರಿಂದಲೇ ‘ಎಕ್ಲೇಸಿಯ’ ಹುಟ್ಟಿದ್ದು, ಅಂದರೆ ಜನರನ್ನು ಹೊರಗೆ ಕರೆದು ಸೇರಿಸಿದ ಕೂಟ. ಕನ್ನಡ ಬೈಬಲ್ಲಿನಲ್ಲಿ ಅದು ‘ಸಭೆ’ ಆಯಿತು, ಒಳಗಿದ್ದ ಕರೆಯ ಸದ್ದು ಅಡಗಿಹೋಯಿತು. ಪದದ ಲೆಕ್ಕದಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ಕರೆಸಿಕೊಂಡವರೇ! ಅದರಲ್ಲಿರುವ, ಮೊದಲ ಕಾಲದ ಪ್ರಚಾರಕ ಪೌಲನ ಪತ್ರಗಳಲ್ಲೂ ಕರೆ ಅಂದರೆ ಹೆಚ್ಚಾಗಿ ಕ್ರಿಸ್ತನವರಾಗಲು ಕರೆ. ಯಾವ ಕೆಲಸ ಅನ್ನುವುದು ಆಮೇಲಿನ ಮಾತು. ಪೌಲ ತಾನೇ ಕೊರಿಂಥದಲ್ಲಿ ಡೇರೆ ಹೊಲಿದುಕೊಂಡಿದ್ದ.

ಚರ್ಚಿನ ಸುಧಾರಣೆಗೆ ಹೊರಟ ಜರ್ಮನಿಯ ಮಾರ್ಟಿನ್ ಲೂಥರ್ ಹಿಡಿದದ್ದು ಇದೇ ಎಳೆಯನ್ನು. ಸನ್ಯಾಸಿಗಳಿಗೆ ಮಾತ್ರ ಮೀಸಲು ಅನ್ನುವಂತಿದ್ದ ಕರೆಯನ್ನು ಅವರು ಅಡುಗೆಮನೆಗೂ ತಂದರು. 1522ರಲ್ಲಿ ಮದುವೆಯ ಬಗ್ಗೆ ಬರೆಯುತ್ತಾ, ಅಪ್ಪನೊಬ್ಬ ನಂಬಿಕೆಯಿಂದ ಮಗುವಿನ ಹೊಲಸು ಬಟ್ಟೆ ಒಗೆದರೆ ಜನ ನಗಬಹುದು, ದೇವರೂ ದೂತರೂ ಮಾತ್ರ ಖುಷಿಯಿಂದ ನಗುತ್ತಾರೆ ಅಂದರು. ಕರೆ ಅನ್ನುವುದಕ್ಕೆ ಅವರು ಬಳಸಿದ ‘ಬೆರೂಫ್’ ಇವತ್ತಿನ ಜರ್ಮನ್‌ನಲ್ಲಿ ಉದ್ಯೋಗಕ್ಕಿರುವ ಸಾಮಾನ್ಯ ಪದ.

ಇನ್ನು ‘ದೇವರ ಯೋಜನೆ’ ಅನ್ನುವ ಮಾತು. ಹೊಸ ವರ್ಷದ ಆರಾಧನೆಯಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ಎತ್ತುತ್ತೇವಲ್ಲ, ಅದರಲ್ಲಿ ಯೆರೆಮೀಯ 29:11 ಬಂದರೆ ಎಲ್ಲರಿಗೂ ಖುಷಿ. ನಿಮ್ಮ ಬಗ್ಗೆ ನನಗಿರುವ ಆಲೋಚನೆ ಕೇಡಿನದಲ್ಲ, ಒಳ್ಳೆಯದೇ ಅನ್ನುವ ಅರ್ಥದ ವಚನ. ಕಾರ್ಡ್ ಹಿಡಿದವರು ಆ ‘ನಿಮ್ಮ’ ಅಂದರೆ ನನ್ನನ್ನೇ ಗೌರವದಿಂದ ಕರೆದದ್ದು ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಬಹುವಚನ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆಲ್ಲ ಸೇರಿಸಿ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಅದರ ಹಿಂದಿನ ವಚನದಲ್ಲೇ 70 ವರ್ಷ ಆಗಲಿ, ಆಮೇಲೆ ವಾಪಸ್ ಅಂತಿದೆ. ಕಾಗದ ಓದಿದ ಎಷ್ಟೋ ಜನ ಅಲ್ಲೇ ಸತ್ತಿರುತ್ತಾರೆ, ಅಲ್ವಾ? ಅಲ್ಲಿಯವರೆಗೆ ಏನು ಮಾಡಬೇಕು ಅನ್ನುವುದೂ ಅದರಲ್ಲೇ ಇದೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿನ ಒಳ್ಳೆಯದಕ್ಕೆ ಪ್ರಾರ್ಥಿಸಿ. ಇದನ್ನು ಯಾರೂ ಕಾರ್ಡಿನಲ್ಲಿ ಹಾಕುವುದಿಲ್ಲ.

ಹಾಗಾದರೆ ನನ್ನ ಒಬ್ಬನ ಕರೆ ಗೊತ್ತಾಗುವುದು ಹೇಗೆ ಅಂದರೆ, ನನಗೆ ಇಷ್ಟವಾಗುವುದು ಬೈಬಲ್ಲಿನ ಹುಡುಗ ಸಮುವೇಲನ ಕಥೆ. ರಾತ್ರಿ ಹೆಸರು ಹಿಡಿದು ಕರೆದದ್ದು ಕೇಳಿ ಮೂರು ಸಲ ಎದ್ದು ಓಡಿದ್ದು ಮುದುಕ ಯಾಜಕ ಏಲಿಯ ಹತ್ತಿರ. ನಾನು ಕರೀಲಿಲ್ಲ, ಹೋಗಿ ಮಲಗು ಅಂತ ಎರಡು ಸಲ ವಾಪಸ್ ಕಳಿಸಿದ ಏಲಿಗೆ ಮೂರನೇ ಸಲ ಹೊಳೆಯಿತು, ಕರೆಯುತ್ತಿರುವುದು ದೇವರು ಅಂತ. ಕರೆ ಬಂದದ್ದು ಒಬ್ಬನಿಗೆ, ಗುರುತು ಸಿಕ್ಕಿದ್ದು ಇನ್ನೊಬ್ಬನಿಗೆ, ಅದೂ ಕಣ್ಣು ಮಂಜಾಗಿದ್ದ ಮುದುಕನಿಗೆ. ‘ಈ ಕೆಲಸ ನಿನಗೆ ಒಗ್ಗುತ್ತೆ ಕಣೋ’ ಅಂತ ಸಭೆಯ ಹಿರಿಯರೋ ಅಮ್ಮನೋ ಅಂದಾಗ ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಹಾಗಂತ ‘ದೇವರು ನನಗೆ ತೋರಿಸಿದರು, ನೀನು ಇಂಥವರನ್ನೇ ಮದುವೆಯಾಗಬೇಕು’ ಅನ್ನುವವರು ಬಂದರೆ ಚಹಾ ಕೊಟ್ಟು ಕಳಿಸಿ.

ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೊಂದರ ಹುಡುಗ. ಬಾಸೆಲ್ ಮಿಷನ್ ಅವರನ್ನು ಹಡಗು ಹತ್ತಿಸಿದ್ದು ಸುವಾರ್ತೆ ಸಾರಲು. ಕನ್ನಡ ಕಲಿತರು, ಜನರ ಮಾತು ಕೇಳಿ ಕೇಳಿ ಪದ ಕೂಡಿಹಾಕಿದರು. ಅವರ ದೊಡ್ಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ, ಅಂದರೆ ಬಂದು 41 ವರ್ಷವಾದ ಮೇಲೆ. ಹಡಗು ಹತ್ತುವ ಹೊತ್ತಿಗೆ ಯಾರಾದರೂ ‘ನಿನ್ನ ಕರೆ ಏನಪ್ಪಾ?’ ಅಂತ ಕೇಳಿದ್ದರೆ ಆ ಹುಡುಗ ನಿಘಂಟು ಅಂತ ಹೇಳುತ್ತಿದ್ದನೇ? ನನಗಂತೂ ಅನುಮಾನ.