ಮೇಲಕ್ಕೆ ಓಡುವ ಅನಿಲ

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮಗುವಿನ ಕೈತಪ್ಪಿದ ಗ್ಯಾಸ್ ಬಲೂನು ನೋಡನೋಡುತ್ತಲೇ ವಿಜಯಪುರದ ಮಾಳಿಗೆಗಳನ್ನು ದಾಟಿಬಿಡುತ್ತದೆ. ಹೀಲಿಯಂ ದುಬಾರಿ ಎಂದು ಕೆಲವರು ಬಲೂನಿಗೆ ಹೈಡ್ರೋಜನ್ನನ್ನೇ ತುಂಬುತ್ತಾರೆ. ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರವಾದ ಅನಿಲವದು. ಬಯಲಿನಲ್ಲಿ ಸೋರಿದರೆ ಬೇಗ ಮೇಲೇರಿ ಚದುರಿಹೋಗುತ್ತದೆ. ತಗಡಿನ ಶೆಡ್ಡಿನೊಳಗೆ ಸೋರಿದರೆ ಮಾತ್ರ ಸೂರಿನಡಿ ಸದ್ದಿಲ್ಲದೆ ಕೂಡುತ್ತದೆ.

ಅಡುಗೆ ಗ್ಯಾಸಿನಿಂದ ಕಲಿತ ಎಚ್ಚರ ಇಲ್ಲಿ ಅರ್ಧಕ್ಕೇ ಕೈಕೊಡುತ್ತದೆ. ಆ ಗ್ಯಾಸು ನೆಲಕ್ಕಿಳಿಯುತ್ತದೆ, ಬೆರೆಸಿದ ವಾಸನೆಯಿಂದ ಸುಳಿವು ಕೊಡುತ್ತದೆ. ಹೈಡ್ರೋಜನ್ನಿಗೆ ವಾಸನೆಯೇ ಇಲ್ಲ. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟೇ ಬೆರೆತಿದ್ದರೂ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕಿಡಿ ಕೇವಲ 0.02 ಮಿಲಿಜೂಲ್, ಅಂದರೆ ಅಡುಗೆ ಗ್ಯಾಸಿಗೆ ಬೇಕಾದುದರ ಹತ್ತನೆಯ ಒಂದು ಪಾಲಿಗೂ ಕಡಿಮೆ. ನಮ್ಮ ಕಡೆಯ ಒಣಹವೆಯಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುವ ಕಿಡಿಯೂ ಸಾಕು. ಅದಕ್ಕೇ ಲಾರಿಯಿಂದ ಅನಿಲ ಇಳಿಸುವಾಗ ಮೊದಲು ಅರ್ಥಿಂಗ್ ತಂತಿ, ಆಮೇಲೆ ಪೈಪು. ಪೈಪಿನಲ್ಲಿ ಉಳಿದ ಗಾಳಿಯನ್ನೂ ನೈಟ್ರೋಜನ್ ಹಾಯಿಸಿ ಹೊರದೂಡಬೇಕು.

ಒಮ್ಮೆ ಸೋಲಾಪುರ ರಸ್ತೆಯಲ್ಲಿ ನನ್ನ ಮುಂದೆ ಹೋಗುತ್ತಿದ್ದ ಟೆಂಪೋದಲ್ಲಿ ಹೈಡ್ರೋಜನ್ನಿನ ನಾಲ್ಕು ಕೆಂಪು ಸಿಲಿಂಡರುಗಳು ಅಡ್ಡಡ್ಡ ಉರುಳಾಡುತ್ತಿದ್ದವು. ಎರಡಕ್ಕೆ ವಾಲ್ವಿನ ಮೇಲಿನ ಟೋಪಿಯೇ ಇರಲಿಲ್ಲ. ಅಂಥ ಸಿಲಿಂಡರಿನ ತೂಕ ಐವತ್ತು ಕಿಲೋ ದಾಟಿದರೂ ಒಳಗಿರುವ ಅನಿಲ ಅರ್ಧ ಕಿಲೋ ಆಸುಪಾಸು. ಆದರೆ ಒತ್ತಡ ಸುಮಾರು 150 ಬಾರ್. ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ. ಬಿದ್ದು ವಾಲ್ವ್ ಮುರಿದರೆ ಬೆಂಕಿಯ ಮಾತು ಹಾಗಿರಲಿ, ಆ ಉಕ್ಕಿನ ಕೊಳವೆಯೇ ಬಾಣದಂತೆ ಹಾರುತ್ತದೆ. ನಾನಂತೂ ಹಿಂದೆ ಸರಿದು, ಟೆಂಪೋ ಕಣ್ಮರೆಯಾಗುವವರೆಗೆ ಬೈಕ್ ನಿಲ್ಲಿಸಿಕೊಂಡೆ.

ಸಣ್ಣ ಅಸಡ್ಡೆಗೆ ದೊಡ್ಡ ಬೆಲೆ ತೆತ್ತ ಉದಾಹರಣೆಯೂ ಇದೆ. 2019ರ ಜೂನ್‌ನಲ್ಲಿ ನಾರ್ವೆಯ ಸಾಂಡ್ವಿಕಾದಲ್ಲಿ ವಾಹನಗಳಿಗೆ ಹೈಡ್ರೋಜನ್ ತುಂಬುವ ಕೇಂದ್ರವೊಂದು ಸ್ಫೋಟಿಸಿತು. ಆ ಹೊಡೆತಕ್ಕೆ ಸಮೀಪದಲ್ಲಿದ್ದ ಕಾರುಗಳ ಏರ್‌ಬ್ಯಾಗುಗಳು ತೆರೆದುಕೊಂಡವು. ತನಿಖೆಯಲ್ಲಿ ಸಿಕ್ಕ ಕಾರಣ: ಸರಿಯಾಗಿ ಬಿಗಿಯದ ಬೋಲ್ಟುಗಳು.

ತುಂಬುವ ಕೆಲಸದಲ್ಲಿ ಇನ್ನೊಂದು ತೊಡಕಿದೆ. ಟ್ಯಾಂಕಿಗೆ ರಭಸದಿಂದ ತುಂಬಿದಂತೆ ಒಳಗಿನ ಅನಿಲ ಒತ್ತಿಕೊಂಡು ಬಿಸಿಯೇರುತ್ತದೆ. ವಾಹನದ ಟ್ಯಾಂಕು 85 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹಾಗಾಗಿ ಬೇಗ ತುಂಬುವ ಕೇಂದ್ರಗಳಲ್ಲಿ ಅನಿಲವನ್ನು ಮೈನಸ್ 40ರ ಹತ್ತಿರಕ್ಕೆ ತಣಿಸಿ ಕೊಡುತ್ತಾರೆ.

ಇಷ್ಟೆಲ್ಲ ಆಗಿಯೂ ಹೊತ್ತಿಕೊಂಡರೆ? ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ, ದೂರಕ್ಕೆ ಕಾವೂ ಅಷ್ಟಾಗಿ ತಟ್ಟುವುದಿಲ್ಲ. ಜ್ವಾಲೆಯನ್ನು ಮಾತ್ರ ಆರಿಸಿ ವಾಲ್ವ್ ತೆರೆದೇ ಬಿಟ್ಟರೆ ಅನಿಲ ಕೂಡಿಕೊಂಡು ಮತ್ತೆ ಸಿಡಿಯುತ್ತದೆ. ಮೊದಲು ಪೂರೈಕೆ ನಿಲ್ಲಿಸಬೇಕು. ಜ್ವಾಲೆ ಪತ್ತೆಹಚ್ಚುವ ಉಪಕರಣ ಈಗ ಉಂಟು. ಅದಿಲ್ಲದ ಕಾಲದ ಕೆಲಸಗಾರರು ಉದ್ದನೆಯ ಕಸಬರಿಗೆಯನ್ನು ಮುಂದೆ ಚಾಚಿಕೊಂಡು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿದ್ದರು. ಅದರ ತುದಿ ಹೊತ್ತಿತೆಂದರೆ, ಬೆಂಕಿ ಅಲ್ಲಿದೆ.