ಕೊಡಗಿನ ಶಾಲೆಗಳು: ದೂರ ಹೆಚ್ಚಿತು, ಒಡನಾಟ ಹೆಚ್ಚಿತೇ?

ಕೊಡಗಿನ ಮನೆಗಳು ತೋಟ, ಗದ್ದೆಗಳ ನಡುವೆ ಚದುರಿಕೊಂಡಿವೆ. ಒಂದೇ ಗ್ರಾಮದಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ನುಡಿಗಳನ್ನಾಡುವ ಮನೆಗಳಿರುವುದರಿಂದ, ಊರಿನ ಕನ್ನಡ ಶಾಲೆಯೇ ಹಲವು ಮಕ್ಕಳಿಗೆ ಮನೆಯಾಚೆಯ ಮೊದಲ ಲೋಕವಾಗಿತ್ತು. 1956ರಲ್ಲಿ ಕೊಡಗು ಮೈಸೂರು ರಾಜ್ಯದೊಂದಿಗೆ ವಿಲೀನವಾದ ಮೇಲೂ ಬಹುಕಾಲ ಹೈಸ್ಕೂಲು ಓದಲು ಅನೇಕರು ಪೇಟೆಗೆ ಬಂದು ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಇರಬೇಕಾಗುತ್ತಿತ್ತು.

ಎಲ್ಲ ವರ್ಗದ ಮಕ್ಕಳೂ ಒಟ್ಟಿಗೆ ಓದುವ ನೆರೆಹೊರೆಯ ಶಾಲೆಯನ್ನು 1964–66ರ ಕೊಠಾರಿ ಆಯೋಗ ಶಿಫಾರಸು ಮಾಡಿತ್ತು. ಇದಕ್ಕಿಂತ ಭಿನ್ನವಾದ ದಾರಿ ಹಿಡಿದದ್ದು 1986ರ ಶಿಕ್ಷಣ ನೀತಿಯೊಂದಿಗೆ ಬಂದ ನವೋದಯ ವಿದ್ಯಾಲಯ. ಗಾಳಿಬೀಡಿನಲ್ಲಿರುವ ಜಿಲ್ಲೆಯ ನವೋದಯಕ್ಕೆ ಆರನೇ ತರಗತಿಗೆ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಲಾಗುತ್ತದೆ. ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣರಿಗೆ, ಮೂರನೇ ಒಂದರಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಮೀಸಲಾತಿಯಿದೆ. ಊಟ, ವಸತಿ ಇರುವುದರಿಂದ ಮನೆಯ ಮುಂದೆ ಬಸ್ಸು ಬಾರದ ಮಗುವಿಗೂ ಅಲ್ಲಿ ಓದಲು ಸಾಧ್ಯ. ಒಂಬತ್ತನೇ ತರಗತಿಯಲ್ಲಿ ಒಂದಷ್ಟು ವಿದ್ಯಾರ್ಥಿಗಳು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ನವೋದಯಕ್ಕೆ ಹೋಗುವ, ಅಲ್ಲಿಯವರು ಇಲ್ಲಿಗೆ ಬರುವ ವ್ಯವಸ್ಥೆಯೂ ಇದೆ. ಹದಿನಾಲ್ಕರ ವಯಸ್ಸಿನಲ್ಲಿ ಬೇರೆ ನುಡಿ, ಬೇರೆ ಅಡುಗೆ, ಬೇರೆ ಹವೆಯ ನಡುವೆ ಬದುಕಿ ಬರುವ ಈ ಅವಕಾಶಕ್ಕೆ ಸಮನಾದುದನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಆದರೆ ಒಂದು ವರ್ಷಕ್ಕೆ ಸೇರುವವರು ಹೆಚ್ಚೆಂದರೆ 80 ಮಂದಿ.

ಉಳಿದವರ ವಿಷಯದಲ್ಲಿ ನಡೆದದ್ದೇ ಬೇರೆ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳ ವಾಹನಗಳು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಕುಶಾಲನಗರಗಳಿಂದ ತೋಟದ ರಸ್ತೆಗಳವರೆಗೂ ಬಂದಂತೆ, ಶುಲ್ಕ ಕಟ್ಟಬಲ್ಲವರ ಮಕ್ಕಳು ದೂರ ಹೋದರು, ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಯ ಮಕ್ಕಳು ಊರ ಶಾಲೆಯಲ್ಲೇ ಉಳಿದರು. ಹೆಚ್ಚು ದೂರ ಹೋದ ಮಗು ಹೆಚ್ಚು ಬಗೆಯ ಜನರನ್ನು ಕಾಣಬೇಕಿತ್ತು. ಎಷ್ಟೋ ಕಡೆ ಅದು ತನ್ನಂಥ ಮನೆಗಳ ಮಕ್ಕಳನ್ನೇ ಕಂಡಿತು.

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಈ ಹೊಣೆ ಬೇಡವೆಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು. ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಮರಳಿಸುವುದು ಅದರ ಹಿಂದಿನ ವಾದವಾಗಿತ್ತು. ಶುಲ್ಕ ಕಟ್ಟುವವರನ್ನು ಮಾತ್ರ ಅದು ಮುಟ್ಟಲಿಲ್ಲ. ಈಗ ಮಕ್ಕಳು ಕಡಿಮೆಯಾದ ಶಾಲೆಗಳ ವಿಲೀನದ ಮಾತು ಬಂದಾಗಲೆಲ್ಲ ಚರ್ಚೆ ಕಿಲೋಮೀಟರುಗಳಲ್ಲೇ ಮುಗಿಯುತ್ತದೆ. ಆ ದೊಡ್ಡ ಶಾಲೆಯ ಬೆಂಚಿನಲ್ಲಿ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದು ಯೋಜನೆಯ ಕಾಗದಕ್ಕೆ ಇನ್ನೂ ಬಂದಿಲ್ಲ.